ಲೋಡ್ ಹಾಕಿದ ಕೂಡಲೇ ಇನ್ವರ್ಟರ್ ವೋಲ್ಟೇಜ್ ಯಾಕೆ ಬೀಳುತ್ತದೆ?

ಓದುಗರ ಪ್ರಶ್ನೆ: ಸರ್, ನಮ್ಮದು ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ. ಕರೆಂಟ್ ಹೋದಾಗ ಮನೆಯ ದೀಪ, ಫ್ಯಾನಿಗೆ ಆಗಲಿ ಅಂತ ಎಸ್‌ಜಿ3525 ಐಸಿ (ಪಲ್ಸ್ ಹೊರಡಿಸುವ ಚಿಪ್), 12-0-12 ಟ್ರಾನ್ಸ್‌ಫಾರ್ಮರ್ (ನಡು ತಂತಿಯಿಂದ ಎರಡೂ ಕಡೆ 12 ವೋಲ್ಟ್ ಸುರುಳಿ ಇರುವುದು), 12 ವೋಲ್ಟ್ ಬ್ಯಾಟರಿ ಹಾಕಿ ಇನ್ವರ್ಟರ್ ಮಾಡಿದ್ದೇನೆ. ಲೋಡ್ ಇಲ್ಲದಾಗ 230 ವೋಲ್ಟ್ ಬರುತ್ತದೆ. 100 ವ್ಯಾಟಿನ ಎರಡು ಹಳೆ ಬಲ್ಬ್ ಹಾಕಿದರೆ 180ಕ್ಕೆ ಇಳಿಯುತ್ತದೆ. ಫೀಡ್‌ಬ್ಯಾಕ್ ಪ್ರಿಸೆಟ್ (ಔಟ್‌ಪುಟ್ ನೋಡಿ ವೋಲ್ಟೇಜ್ ತಿದ್ದುವ ಭಾಗವನ್ನು ಹೊಂದಿಸುವ ತಿರುಪು) ಎಷ್ಟು ತಿರುಗಿಸಿದರೂ ಏರುವುದಿಲ್ಲ. ಐಸಿ ಹೋಗಿದೆಯಾ?

ಉತ್ತರ: ಐಸಿ ಹೋಗಿರುವ ಸಾಧ್ಯತೆ ಕಡಿಮೆ. ಅದನ್ನು ಕೀಳುವ ಮುಂಚೆ, ಬಲ್ಬ್ ಉರಿಯುತ್ತಿರುವಾಗಲೇ ಅದರ 1, 2 ಮತ್ತು 9ನೇ ಪಿನ್‌ಗಳಿಗೆ ಮೀಟರ್ ಹಿಡಿದು ನೋಡಿ.

2ನೇ ಪಿನ್‌ನಲ್ಲಿ ನೀವು ಗೊತ್ತು ಮಾಡಿದ ವೋಲ್ಟೇಜ್ ಇರುತ್ತದೆ. ಸಾಮಾನ್ಯವಾಗಿ ಅದು 16ನೇ ಪಿನ್‌ನ 5.1 ವೋಲ್ಟ್‌ನಲ್ಲಿ ಅರ್ಧ. 1ನೇ ಪಿನ್‌ಗೆ ಔಟ್‌ಪುಟ್‌ನ ಸ್ಯಾಂಪಲ್ ಬರುತ್ತದೆ. ಇವೆರಡನ್ನು ಸಮ ಮಾಡುವುದೇ ಐಸಿಯ ಕೆಲಸ. ಪಲ್ಸ್ ಅಗಲವಾದಷ್ಟೂ ಔಟ್‌ಪುಟ್ ಏರುತ್ತದೆ. ಅದಕ್ಕಾಗಿ ಅದು ಪಲ್ಸ್‌ನ ಅಗಲ ಎಷ್ಟು ಹಿಗ್ಗಿಸಿದೆ ಅನ್ನುವುದು 9ನೇ ಪಿನ್‌ನಲ್ಲಿ ಕಾಣುತ್ತದೆ. ಅಲ್ಲಿ ಸುಮಾರು 3.5 ವೋಲ್ಟ್ ದಾಟಿದ್ದರೆ ಪಲ್ಸ್ ಪೂರ್ತಿ ಅಗಲವಾಗಿದೆ, ಇನ್ನು ಹಿಗ್ಗಲು ಜಾಗ ಇಲ್ಲ.

1ನೇ ಪಿನ್ 2ಕ್ಕಿಂತ ಕೆಳಗಿದ್ದು, 9ನೇ ಪಿನ್ ಮೇಲಕ್ಕೆ ಹೋಗಿ ನಿಂತಿದ್ದರೆ ಐಸಿ ಸರಿಯಾಗಿಯೇ ದುಡಿಯುತ್ತಿದೆ. ಕೊಡಲಾಗದೆ ಸೋಲುತ್ತಿರುವುದು ಪವರ್ ಭಾಗ. ನೀವು ಬರೆದದ್ದು ನೋಡಿದರೆ ನಿಮ್ಮದು ಇದೇ ಅನಿಸುತ್ತದೆ.

ಲೆಕ್ಕ ಹಾಕಿ ನೋಡೋಣ. 230 ವೋಲ್ಟ್‌ನಲ್ಲಿ 200 ವ್ಯಾಟ್ ಕೊಡಬೇಕೆಂದರೆ, ನಷ್ಟ ಸೇರಿ ಬ್ಯಾಟರಿಯಿಂದ 20 ಆಂಪಿಯರ್ ಹತ್ತಿರ ಎಳೆಯಬೇಕು. ಬ್ಯಾಟರಿಯಿಂದ ಬೋರ್ಡಿಗೆ 1.5 ಚದರ ಮಿ.ಮೀ. ತಾಮ್ರದ ವೈರ್ ಎರಡು ಮೀಟರ್ ಇದೆ ಅನ್ನಿ. ಹೋಗಿ ಬರುವ ನಾಲ್ಕು ಮೀಟರ್‌ನಲ್ಲೇ ಸುಮಾರು 1 ವೋಲ್ಟ್ ಕರಗುತ್ತದೆ. ಇಲ್ಲಿ ಹೋದ 1 ವೋಲ್ಟ್, ಆ ಕಡೆ 19 ವೋಲ್ಟ್! ಇದರ ಮೇಲೆ ಬ್ಯಾಟರಿಯೇ ಸ್ವಲ್ಪ ಕುಸಿಯುತ್ತದೆ. ಮಾಸ್‌ಫೆಟ್ (ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್), ಟ್ರಾನ್ಸ್‌ಫಾರ್ಮರ್ ಸುರುಳಿ ತಮ್ಮ ಪಾಲು ತಿನ್ನುತ್ತವೆ. 180 ಆಗದೆ ಇನ್ನೇನಾಗುತ್ತದೆ? ಮೀಟರ್‌ನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಟ್ರಾನ್ಸ್‌ಫಾರ್ಮರ್‌ನ ನಡು ತಂತಿಗೆ ಇಟ್ಟರೆ ಈ ಸೋರಿಕೆ ಕಣ್ಣಿಗೇ ಕಾಣುತ್ತದೆ. ಮೈನಸ್ ಕಡೆಯೂ ಹೀಗೇ ನೋಡಿ. ವೈರ್ ದಪ್ಪ ಮಾಡಿ, ಗಿಡ್ಡ ಮಾಡಿ, ಲಗ್ ಬಿಗಿ ಮಾಡಿ.

ಆದರೆ ಬೇರು ಟ್ರಾನ್ಸ್‌ಫಾರ್ಮರ್‌ನಲ್ಲಿದೆ. 12-0-12 ಅಂದರೆ ಪೂರ್ತಿ 12 ವೋಲ್ಟ್ ಸುರುಳಿಗೆ ತಲುಪಿದರೆ ಮಾತ್ರ 230. ಬ್ಯಾಟರಿ 10.5ಕ್ಕೆ ಇಳಿದಾಗ ಯಾವ ಫೀಡ್‌ಬ್ಯಾಕೂ ಉಳಿಸುವುದಿಲ್ಲ. ನಿಮ್ಮೂರಲ್ಲಿ ಮಗ್ಗದ ಮೋಟಾರು ರಿವೈಂಡಿಂಗ್ ಮಾಡುವವರ ಹತ್ತಿರ 9-0-9 ಸುತ್ತಿಸಿ. ಆಗ ಬ್ಯಾಟರಿ ಇಳಿದರೂ ಐಸಿಗೆ ಹಿಗ್ಗಿಸಲು ಜಾಗ ಇರುತ್ತದೆ. ಆದರೆ ಹುಷಾರು: 9-0-9 ಹಾಕಿದ ಮೇಲೆ ಫೀಡ್‌ಬ್ಯಾಕ್ ಕೈಕೊಟ್ಟರೆ, ತುಂಬಿದ ಬ್ಯಾಟರಿಯಲ್ಲಿ ಔಟ್‌ಪುಟ್ 300 ದಾಟುತ್ತದೆ. ಮೊದಲ ಸಲ ಎರಡು ಬಲ್ಬ್‌ಗಳನ್ನು ಸೀರೀಸ್‌ನಲ್ಲಿ ಹಾಕಿಯೇ ಆನ್ ಮಾಡಿ. ಫ್ಯಾನ್ ಆಮೇಲೆ.

ಒಂದು ವೇಳೆ 1 ಮತ್ತು 2ನೇ ಪಿನ್ ಸಮ ಇದ್ದೂ ಔಟ್‌ಪುಟ್ ತಪ್ಪಿದ್ದರೆ, ತಪ್ಪು ಸ್ಯಾಂಪಲ್‌ನಲ್ಲಿದೆ. ಸ್ಯಾಂಪಲ್ ಅನ್ನು ಡಿಸಿ ಮಾಡುವ ಬ್ರಿಡ್ಜ್ (ನಾಲ್ಕು ಡಯೋಡ್‌ಗಳ ಜೋಡಣೆ) ಆದ ಮೇಲೆ ನೇರವಾಗಿ ದೊಡ್ಡ ಕೆಪಾಸಿಟರ್ ಹಾಕಿದ್ದೀರಾ? ಅದು ಅಲೆಯ ತುದಿಯನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತದೆ. ಪಲ್ಸ್ ಅಗಲ ಬದಲಾದರೂ ತುದಿ ಬದಲಾಗುವುದಿಲ್ಲ, ಅಲ್ವಾ? ಬ್ರಿಡ್ಜ್‌ಗೆ ಒಂದು ರೆಸಿಸ್ಟರ್ ಲೋಡ್ ಕೊಟ್ಟು, ಇನ್ನೊಂದು ರೆಸಿಸ್ಟರ್ ದಾಟಿದ ಮೇಲೆ ಕೆಪಾಸಿಟರ್ ಹಾಕಿ. ಆಗ ಸರಾಸರಿ ಸಿಗುತ್ತದೆ. ಅಂದಹಾಗೆ ನಿಮ್ಮ ಮೀಟರ್ ಟ್ರೂ ಆರ್‌ಎಂಎಸ್ (ಅಲೆ ಯಾವ ಆಕಾರದ್ದಾದರೂ ಸರಿಯಾಗಿ ಅಳೆಯುವುದು) ಅಲ್ಲದಿದ್ದರೆ ಅದರ ಅಂಕಿ ನಂಬಬೇಡಿ. ಪೂರ್ತಿ ಚೌಕ ಅಲೆಯಲ್ಲಿ ಅದು 230ನ್ನು 255 ಅಂತ ತೋರಿಸುತ್ತದೆ.

ಕೊನೆಗೆ, ಸ್ಯಾಂಪಲ್ ಅನ್ನು 230ರ ಕಡೆಯಿಂದ ಬರೀ ರೆಸಿಸ್ಟರ್ ಇಟ್ಟು ಎಳೆಯಬೇಡಿ. ಬ್ಯಾಟರಿ ಟರ್ಮಿನಲ್ ಮುಟ್ಟಿದರೂ ಶಾಕ್ ಹೊಡೆಯಬಹುದು. ಸಣ್ಣ 6 ವೋಲ್ಟ್ ಟ್ರಾನ್ಸ್‌ಫಾರ್ಮರ್ ಅಥವಾ ಆಪ್ಟೋಕಪ್ಲರ್ (ತಂತಿಯ ಸಂಪರ್ಕವಿಲ್ಲದೆ ಬೆಳಕಿನಿಂದ ಸಿಗ್ನಲ್ ದಾಟಿಸುವ ಬಿಡಿಭಾಗ) ನಡುವೆ ಇರಲೇಬೇಕು.