ತುಂಬಾ ಖಾಲಿ ಬಸ್ಸು, ಸಖತ್ ಮೆತ್ತನೆ ಇಡ್ಲಿ

'ಬಸ್ಸು ತುಂಬಾ ಖಾಲಿ ಇತ್ತು' ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ 'ತುಂಬಾ' ಹುಟ್ಟಿದ್ದು 'ತುಂಬು' ಎಂಬ ಕ್ರಿಯಾಪದದಿಂದ. ತುಂಬಿದ ಬಸ್ಸು ಖಾಲಿ ಇರುವುದು ಹೇಗೆ? 'ಚೀಲ ಭಾರಿ ಹಗುರ' ಎನ್ನುವಾಗಲೂ ಅದೇ ಕಥೆ. 'ಇಡ್ಲಿ ಸಖತ್ ಮೆತ್ತಗಿದೆ' ಅನ್ನುವುದಂತೂ ಇನ್ನೂ ಸೊಗಸು. ಪರ್ಷಿಯನ್ ಭಾಷೆಯ 'ಸಖ್ತ್' ಎಂದರೆ ಗಟ್ಟಿ, ಬಿರುಸು, ಕಠೋರ.

ಹೀಗಾಗುವುದಕ್ಕೆ ಭಾಷಾವಿಜ್ಞಾನದಲ್ಲಿ ಅರ್ಥದ ಸವಕಳಿ ಎನ್ನಬಹುದಾದ ವಿವರಣೆ ಇದೆ. ಕೈಯಿಂದ ಕೈಗೆ ಹೋದ ನಾಣ್ಯದ ಮೇಲಿನ ಮುದ್ರೆ ಅಳಿಸಿಹೋದರೂ ಬೆಲೆ ಉಳಿಯುವಂತೆ, ಪದದ ಮೂಲ ಚಿತ್ರ ಮಾಸಿ 'ಬಹಳ' ಎಂಬ ಒತ್ತು ಮಾತ್ರ ಉಳಿಯುತ್ತದೆ. ಸವಕಳಿ ಎಷ್ಟಾಗಿದೆ ಎಂದು ನೋಡಲು ಉಪಕರಣವೇನೂ ಬೇಡ. ಪದವನ್ನು ಅದರ ವಿರುದ್ಧಾರ್ಥದ ಪಕ್ಕ ಕೂರಿಸಿ. ಕೇಳುವವರು ನಗದಿದ್ದರೆ ಹಳೆಯ ಅರ್ಥ ಸತ್ತಿದೆ, ನಕ್ಕರೆ ಇನ್ನೂ ಉಸಿರಾಡುತ್ತಿದೆ.

'ಸಖತ್' ಎಂದರೆ ಬೆಂಗಳೂರಿನ ಹುಡುಗರ ಹೊಸ ಚಾಳಿ ಎಂದು ಮೂಗು ಮುರಿಯುವವರಿದ್ದಾರೆ. ಅವರು 'ಕಡು' ಎಂಬ ಅಚ್ಚಗನ್ನಡ ಪದವನ್ನು ಒಮ್ಮೆ ನೋಡಬೇಕು. ಅದರ ಮೂಲ ಅರ್ಥವೂ ಬಿರುಸು, ತೀವ್ರತೆಯೇ. ಹಳಗನ್ನಡದ ಕವಿಗಳು ಅದನ್ನು ಚೆಲುವಿನ ಮುಂದಿಟ್ಟು 'ಕಡುಚೆಲ್ವು' ಎಂದರು. ನಾವು ಈಗಲೂ ಕಡುಬಡವ, ಕಡುಗಪ್ಪು ಎನ್ನುತ್ತೇವೆ. ಸಖತ್ ಹಿಡಿದಿರುವುದು ಕಡು ನಡೆದು ಸವೆದ ದಾರಿಯನ್ನೇ. ಒಂದಕ್ಕೆ ಕಾವ್ಯದ ಮರ್ಯಾದೆ, ಇನ್ನೊಂದಕ್ಕೆ ಬೈಗುಳ ಎಂಬುದು ಅಷ್ಟೇನೂ ನ್ಯಾಯವಲ್ಲ.

ಇದೇ ಸಖತ್ ಗಡಿ ದಾಟಿದರೆ ಗಂಭೀರವಾಗುತ್ತದೆ. ಮರಾಠಿಯಲ್ಲಿ 'ಸಕ್ತಮಜುರಿ' ಎಂದರೆ ಕಠಿಣ ಸಜೆ. ನಮ್ಮ ಪತ್ರಿಕೆಗಳು ಜಾರಿ ನಿರ್ದೇಶನಾಲಯ ಎಂದು ಬರೆಯುವ ಇ.ಡಿ.ಗೆ ಮರಾಠಿ ಪತ್ರಿಕೆಗಳು 'ಸಕ್ತವಸುಲಿ ಸಂಚಾಲನಾಲಯ' ಎನ್ನುತ್ತವೆ. ಅಲ್ಲಿ ಸಕ್ತ ಎಂದರೆ ಬಲವಂತ. ಬೆಂಗಳೂರಿನ ಹುಡುಗನಿಗೆ ಅದು ಸಖತ್ ವಸೂಲಿ ಎಂದು ಕೇಳಿಸಿದರೆ ತಪ್ಪು ಅವನದಲ್ಲ.

ಇಂಥ ಪದಗಳು ದಖ್ಖನ್ನಿಗೆ ಬಂದದ್ದು ಆಡಳಿತದ ಬೆನ್ನೇರಿ. 1347ರಲ್ಲಿ ತಲೆಯೆತ್ತಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿ ಅರಸೊತ್ತಿಗೆ, ಆಮೇಲೆ 1686ರವರೆಗೆ ವಿಜಯಪುರದಲ್ಲಿ ಆಳಿದ ಆದಿಲಶಾಹಿಗಳು, ಎರಡೂ ಕಡೆ ದರಬಾರಿನಲ್ಲಿ ಪರ್ಷಿಯನ್ ನಡೆಯುತ್ತಿತ್ತು. ಸಂತೆಗೆ, ಮನೆಗೆ ಆ ಪದಗಳನ್ನು ದಾಟಿಸಿದ್ದರಲ್ಲಿ ದಖನಿ ಉರ್ದುವಿನ ಪಾಲು ದೊಡ್ಡದು.

'ಮಸ್ತ್' ಪದದ ತಿರುಗಾಟ ಇನ್ನೂ ರಂಜಕ. ಪರ್ಷಿಯನ್ನಿನಲ್ಲಿ ಅದು ಅಮಲೇರಿದವನ ಸ್ಥಿತಿ. ಗಂಡಾನೆಯ ಮದಕ್ಕೆ ಜೀವವಿಜ್ಞಾನಿಗಳು ಇಂಗ್ಲಿಷಿನಲ್ಲಿ ಬಳಸುವ ಪದವೂ ಇದರಿಂದಲೇ ಬಂದದ್ದು. ಧಾರವಾಡದ ಕಡೆ 'ಊಟ ಮಸ್ತ್ ಐತಿ' ಎಂದರೆ ಬಲು ಚಲೋ ಇದೆ ಎಂದರ್ಥ. ಪದ ಅಲ್ಲಿ ಮೆಚ್ಚುಗೆಯ ಮೆಟ್ಟಿಲಲ್ಲಿದೆ. ಕರಾವಳಿಗೆ ಇಳಿಯಿರಿ, ತುಳುವಿನಲ್ಲಿ 'ಮಸ್ತ್ ಜನ' ಎಂದರೆ ಬಹಳ ಜನ. ಅವರೇನು ಅಮಲಿನಲ್ಲೂ ಇಲ್ಲ, ಖುಷಿಯಲ್ಲೂ ಇರಬೇಕಿಲ್ಲ. 'ಮಸ್ತ್ ಬೇಜಾರ್' ಎಂದು ತುಳುವರು ಲೀಲಾಜಾಲವಾಗಿ ಹೇಳುತ್ತಾರೆ. 'ಮಸ್ತ್ ಬ್ಯಾಸರ ಆಗೇತಿ' ಎಂಬ ಮಾತು ಮಾತ್ರ ಧಾರವಾಡದ ಕಿವಿಗೆ ತಡವರಿಸುತ್ತದೆ. ಒಂದೇ ಪದ ಎರಡು ಊರುಗಳಲ್ಲಿ ಎರಡು ಹಂತದಲ್ಲಿ ಸವೆದಿದೆ.

ಕರೆಯುವ ಪದಗಳೂ ಸವೆಯುತ್ತವೆ. 'ಮಾರಾಯ' ಎಂಬುದು 'ಮಹಾರಾಯ'. ಅಂಥ ದೊಡ್ಡ ದೊರೆಯನ್ನೂ ಮಲೆನಾಡಿನಲ್ಲಿ ಗೌರವದಿಂದ ಕರೆಯಬೇಕಾದರೆ ಬಾಲಕ್ಕೆ ಇನ್ನೊಂದು 'ರೆ' ಅಂಟಿಸಿ 'ಮಾರಾಯ್ರೆ' ಎನ್ನಬೇಕು! ಹಳೆಯ ಮರ್ಯಾದೆ ಪೂರ್ತಿ ಕರಗಿದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ತಮಿಳಿನಲ್ಲಿ ಭಾವ-ಮೈದುನನಿಗೆ ಸಲ್ಲುವ 'ಮಚ್ಚಾ' ಬೆಂಗಳೂರಿನಲ್ಲಿ ನಂಟಸ್ತಿಕೆ ಕಳೆದುಕೊಂಡು ಬರೀ ಗೆಳೆಯನಾಯಿತು.

ನಿಮ್ಮ ಊರಿನ ಪದವನ್ನು ಪರೀಕ್ಷಿಸುವಾಗ ಒಂದು ಎಚ್ಚರ ಬೇಕು. 'ಇದರ ಅರ್ಥವೇನು?' ಎಂದು ನೇರವಾಗಿ ಕೇಳಬೇಡಿ. ಕೇಳಿದ ಕೂಡಲೇ ಜನ ಮೇಷ್ಟರ ಮುಂದೆ ನಿಂತವರಂತೆ ನಿಘಂಟಿನ ಉತ್ತರ ಕೊಡುತ್ತಾರೆ. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲೇಬವ್ 1962ರಲ್ಲಿ ನ್ಯೂಯಾರ್ಕಿನ ಮೂರು ಅಂಗಡಿಗಳಲ್ಲಿ ಉಚ್ಚಾರಣೆ ಅಳೆದದ್ದು ಗಿರಾಕಿಯ ಸೋಗಿನಲ್ಲಿ. ನಾಲ್ಕನೇ ಮಹಡಿಯಲ್ಲಿರುವ ಸಾಮಾನು ಎಲ್ಲಿದೆ ಎಂದು ಕೇಳಿ, ಬಂದ ಉತ್ತರವನ್ನು ಆಮೇಲೆ ಗುಟ್ಟಾಗಿ ಬರೆದುಕೊಂಡರು. ನಮ್ಮ ಕೆಲಸಕ್ಕೆ ಅಷ್ಟು ನಾಟಕ ಬೇಡ. 'ಚೀಲ ಭಾರಿ ಹಗುರ' ಎಂಬಂಥ ವಾಕ್ಯವನ್ನು ಮಾತಿನ ನಡುವೆ ತೇಲಿಬಿಟ್ಟು, ಎದುರಿನವರ ಮುಖ ನೋಡಿ. ಅಜ್ಜಿ ಮತ್ತು ಮೊಮ್ಮಗಳು, ಇಬ್ಬರ ಎದುರೂ ಆಡಿ ನೋಡಿ. ಒಬ್ಬರ ಮುಖ ನೋಡಿ ತೀರ್ಮಾನಿಸಿದರೆ ಕೆಟ್ಟಿರಿ.

ಸವೆದ ಪದಕ್ಕೆ ಜನ ಗಾಳಿ ತುಂಬುವುದೂ ಉಂಟು. ಸಖತ್ ಬಾಯಲ್ಲಿ 'ಸಕ್ಕತ್' ಆಗುತ್ತದೆ, ಒತ್ತು ಸಾಲದಾದರೆ ಆ ಕಕಾರದ ಮೇಲೆ ಇನ್ನೂ ಕೊಂಚ ಹೊತ್ತು ನಿಲ್ಲುತ್ತಾರೆ. 'ತುಂಬಾ' ಎನ್ನುವಾಗ 'ತುಂ' ಎಂಬಲ್ಲೇ ಎಳೆಯುತ್ತಾರೆ. ಅದೂ ಸಾಲದಾದಾಗ ಹೊಸ ಪದ ಬೇಕಾಗುತ್ತದೆ. ಹೊಸ ಪದಕ್ಕೆ ಕೈ ಹಾಕುವುದು ಸಾಮಾನ್ಯವಾಗಿ ಬಿರುಸು, ಭಯ, ವಿನಾಶದ ಗೂಡಿಗೆ. 'ಭಯಂಕರ ಚೆನ್ನಾಗಿದೆ' ಎಂಬುದು ಹಾಗೆ ಬಂದದ್ದು. ಪದಗಳನ್ನು ಬಿಡಿಬಿಡಿಯಾಗಿ ಎಣಿಸಿ ಮೆಚ್ಚುಗೆಯೋ ತೆಗಳಿಕೆಯೋ ಎಂದು ವಿಂಗಡಿಸುವ ತಂತ್ರಾಂಶ ಮುಗ್ಗರಿಸುವುದೂ ಇಂಥಲ್ಲೇ. ಅದರ ಪಟ್ಟಿಯಲ್ಲಿ ಭಯಂಕರ ಇನ್ನೂ ಕೆಟ್ಟ ಪದ.

'ಚಿಂದಿ' ಈಗ ಅರ್ಧ ದಾರಿಯಲ್ಲಿದೆ. ಹರಕು ಬಟ್ಟೆಯ ಹೆಸರಾದ ಅದು ಮುಂಬೈ ಹಿಂದಿಯಲ್ಲಿ ಕೀಳು, ಜಿಪುಣ ಎಂಬ ತಿರಸ್ಕಾರಕ್ಕೆ ಜಾರಿತು. ಬೆಂಗಳೂರಿನಲ್ಲಿ 'ಚಿಂದಿ ಸಿನಿಮಾ ಮಗಾ' ಎಂದರೆ ಅಮೋಘವಾಗಿದೆ ಎಂದರ್ಥ. ಆದರೆ ಸಖತ್ತಿನಂತೆ 'ಚಿಂದಿ ಮೆತ್ತಗಿದೆ', 'ಚಿಂದಿ ಹೊಸದು' ಎಂದು ಯಾರೂ ಅನ್ನುವುದಿಲ್ಲ. ಚಿಂದಿ ಆಯುವವರ ಸುದ್ದಿ ಪತ್ರಿಕೆಗಳಲ್ಲಿ ಈಗಲೂ ಬರುತ್ತದೆ, ಹಾಗಾಗಿ ಹಳೆಯ ಚಿತ್ರ ಕಣ್ಣ ಮುಂದೆಯೇ ಇದೆ. ಸಿನಿಮಾ ಚಿಂದಿ, ಹಾಡು ಚಿಂದಿ, ಎಲ್ಲ ಸರಿ. ಬಟ್ಟೆ ಅಂಗಡಿಗೆ ಹೋಗಿ 'ಒಂದು ಚಿಂದಿ ಸೀರೆ ತೋರಿಸಿ' ಎಂದರೆ ಮಾತ್ರ, ಅಂಗಡಿಯವರು ಮೊದಲು ನಿಮ್ಮ ಮುಖ ನೋಡುತ್ತಾರೆ.