ಪದ ಪರಿಚಯ: ಚೆಕ್‌ರೈಡ್

ಪೈಲಟ್ ತರಬೇತಿಯ ಒಂದು ಘಟ್ಟ ಮುಗಿದಾಗ, ಅಲ್ಲಿಯವರೆಗೆ ಕಲಿಸಿದ ಬೋಧಕರ ಬದಲು ಬೇರೊಬ್ಬ ಪರೀಕ್ಷಕರು ಕ್ಯಾಡೆಟ್‌ನೊಂದಿಗೆ ವಿಮಾನದಲ್ಲಿ ಕುಳಿತು ನಡೆಸುವ ಹಾರಾಟ ಪರೀಕ್ಷೆಗೆ ಚೆಕ್‌ರೈಡ್ ಎನ್ನುತ್ತಾರೆ. ಅಮೆರಿಕದ ವಾಯುಪಡೆಯಲ್ಲಿ ಈ ಹೆಸರೇ ರೂಢಿಯಲ್ಲಿದೆ. ನಮ್ಮ ವಾಯುಪಡೆಯಲ್ಲಿ ಸಾಮಾನ್ಯವಾಗಿ ‘ಚೆಕ್’ ಎಂದಷ್ಟೇ ಹೇಳುತ್ತಾರೆ. ಒಂಟಿಯಾಗಿ ಹಾರುವ ಮುನ್ನ ಸೋಲೋ ಚೆಕ್, ಕಲಿಕೆ ಹಿಂದೆ ಬಿದ್ದಾಗ ಪ್ರೋಗ್ರೆಸ್ ಚೆಕ್, ಹೀಗೆ. ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ ಪಿಲಾಟಸ್ ಪಿಸಿ-7 ವಿಮಾನದ ಮೇಲೆ ಮೂಲ ತರಬೇತಿ ಪಡೆಯುವಾಗಲೂ, ಮುಂದೆ ಯುದ್ಧವಿಮಾನಕ್ಕೆ ಆಯ್ಕೆಯಾಗಿ ನಮ್ಮದೇ ಬೀದರ್‌ನಲ್ಲಿ ಹಾಕ್ ವಿಮಾನ ಹಾರಿಸುವಾಗಲೂ ಇಂಥ ಪರೀಕ್ಷೆಗಳನ್ನು ದಾಟಿಯೇ ಹೋಗಬೇಕು.

ವಿಜಯಪುರದ ಸೈನಿಕ ಶಾಲೆ 1963ರಲ್ಲಿ ಆರಂಭವಾದಂದಿನಿಂದ ಈ ಭಾಗದ ಮಕ್ಕಳಿಗೆ ಎನ್‌ಡಿಎ, ಅಂದರೆ ಸೇನಾಧಿಕಾರಿಗಳನ್ನು ತಯಾರಿಸುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಪರಿಚಿತ ಹೆಸರಲ್ಲ. 2022ರಿಂದ ಹೆಣ್ಣುಮಕ್ಕಳಿಗೂ ಎನ್‌ಡಿಎಯಲ್ಲಿ ಪ್ರವೇಶ ದೊರೆತ ಮೇಲೆ ಕಿತ್ತೂರಿನ ಬಾಲಕಿಯರ ಸೈನಿಕ ವಸತಿ ಶಾಲೆಯ ಪಾಲಕರೂ ಇದರ ಬಗ್ಗೆ ವಿಚಾರಿಸುತ್ತಾರೆ. ಆದರೆ ಮಿಲಿಟರಿ ಪೈಲಟ್ ತರಬೇತಿಯಲ್ಲಿ ಚೆಕ್‌ರೈಡ್ ಫೇಲಾಗುವವರೇ ಬಹಳ ಎಂಬ ಮಾತು ಕಿವಿಗೆ ಬಿದ್ದೊಡನೆ ಹಿಂಜರಿಯುವವರೂ ಇದ್ದಾರೆ.

ಮೊದಲು ಸ್ಪಷ್ಟಪಡಿಸಬೇಕಾದದ್ದೆಂದರೆ, ಚೆಕ್‌ರೈಡ್‌ನಲ್ಲಿ ಅನುತ್ತೀರ್ಣರಾಗುವುದು ಬೇರೆ, ತರಬೇತಿಯಿಂದ ಹೊರಬೀಳುವುದು ಬೇರೆ. ಇವೆರಡರ ಪ್ರಮಾಣವನ್ನು ಒಂದೇ ಎಂದು ಓದುವುದರಿಂದಲೇ ಹೆಚ್ಚಿನ ಗಾಬರಿ ಹುಟ್ಟುತ್ತದೆ. ಅಮೆರಿಕದ ವಾಯುಪಡೆಯಲ್ಲಿ ಒಂದು ಚೆಕ್‌ರೈಡ್ ಕೈತಪ್ಪಿದರೆ ಮುಂದೆ ಪ್ರೋಗ್ರೆಸ್ ಚೆಕ್ ಇರುತ್ತದೆ, ಅದನ್ನು ತರಬೇತಿಯವರು ‘88’ ಎನ್ನುತ್ತಾರೆ; ಅದರಲ್ಲೂ ಸೋತರೆ ‘89’, ಅಂದರೆ ಎಲಿಮಿನೇಷನ್ ಚೆಕ್; ಆಮೇಲೂ ಕಮಾಂಡರ್ ಮಟ್ಟದ ಪರಿಶೀಲನೆ ನಡೆದ ಮೇಲೆಯೇ ಕ್ಯಾಡೆಟ್‌ನನ್ನು ಕೈಬಿಡುವ ತೀರ್ಮಾನವಾಗುತ್ತದೆ. ನಮ್ಮಲ್ಲೂ ಹೆಚ್ಚುವರಿ ಸಾರ್ಟಿ (ತರಬೇತಿ ಹಾರಾಟ), ಬೋಧಕರ ಬದಲಾವಣೆ, ಮರುಪರೀಕ್ಷೆ ಎಂಬ ಮೆಟ್ಟಿಲುಗಳನ್ನು ದಾಟಿದ ಮೇಲಷ್ಟೇ ‘ಸಸ್ಪೆನ್ಷನ್’, ಅಂದರೆ ಹಾರಾಟ ತರಬೇತಿಯಿಂದ ತೆಗೆಯುವ ಮಾತು ಬರುತ್ತದೆ. ಹಾಗೆಂದು ಒಂದು ಸೋಲಿಗೆ ಬೆಲೆಯೇ ಇಲ್ಲವೆಂದಲ್ಲ. ಚೆಕ್‌ನ ಅಂಕಗಳು ಮೆರಿಟ್‌ಗೆ ಸೇರುತ್ತವೆ, ಯುದ್ಧವಿಮಾನವೋ ಸಾಗಣೆ ವಿಮಾನವೋ ಹೆಲಿಕಾಪ್ಟರೋ ಎಂಬುದರ ಮೇಲೆ ಮೆರಿಟ್‌ನ ಪ್ರಭಾವ ಬಹಳ.

ಹಾಗಾದರೆ ಇಷ್ಟು ಮಂದಿ ಏಕೆ ಸೋಲುತ್ತಾರೆ? ಉತ್ತರದ ದೊಡ್ಡ ಪಾಲು ಪರೀಕ್ಷೆಯ ರಚನೆಯಲ್ಲೇ ಇದೆ. ಅಮೆರಿಕದ ಮೂಲ ತರಬೇತಿಯ ಟಿ-6 ವಿಮಾನದಲ್ಲಿ ನಡೆಯುವ ಒಂದೇ ಒಂದು ಅಂಶವನ್ನು ನೋಡೋಣ. ಪರೀಕ್ಷಕರು ಇಂಜಿನ್‌ನ ಶಕ್ತಿ ಹೆಚ್ಚುಕಡಿಮೆ ಮಾಡುವ ಥ್ರಾಟಲ್ ಹಿಡಿಯನ್ನು ಹಿಂದಕ್ಕೆಳೆದು, ಇಂಜಿನ್ ನಿಂತಿದೆ ಎಂದು ಹೇಳಿ ಸುಮ್ಮನಾಗುತ್ತಾರೆ. ಕ್ಯಾಡೆಟ್ ವೇಗವನ್ನು 125 ನಾಟ್‌ಗೆ, ಅಂದರೆ ಗಂಟೆಗೆ ಸುಮಾರು 230 ಕಿ.ಮೀ.ಗೆ ತಂದು ನಿಲ್ಲಿಸಬೇಕು, ಸಮೀಪದ ರನ್‌ವೇ ಕಡೆಗೆ ತಿರುಗಬೇಕು, ಕಂಠಪಾಠವಾಗಿರುವ ತುರ್ತು ಕ್ರಮಗಳನ್ನು ಒಂದೂ ಪದ ತಪ್ಪದಂತೆ ಹೇಳುತ್ತ ಮಾಡಬೇಕು, ರೇಡಿಯೋದಲ್ಲಿ ತಿಳಿಸಬೇಕು. ಹೀಗೆ ಇಳಿಯುವ ದಾರಿಯಲ್ಲಿ ರನ್‌ವೇ ಮೇಲಿನ ‘ಹೈ ಕೀ’ ಎಂಬ ಬಿಂದುವಿನಲ್ಲಿ ನೆಲದಿಂದ 3000 ಅಡಿ, ಅರ್ಧ ಸುತ್ತು ತಿರುಗಿ ‘ಲೋ ಕೀ’ ತಲುಪಿದಾಗ 1500 ಅಡಿ ಎತ್ತರವಿರಬೇಕು. ಎತ್ತರ ಕಡಿಮೆಯಾದರೆ ರನ್‌ವೇ ಮುಟ್ಟುವುದಿಲ್ಲ, ಹೆಚ್ಚಾದರೆ ರನ್‌ವೇ ದಾಟಿ ಹೋಗುತ್ತದೆ. ಗಾಳಿಯ ದಿಕ್ಕನ್ನು ತಪ್ಪಾಗಿ ಅಂದಾಜಿಸಿ ವೇಗ ಕುಸಿಯಲು ಬಿಟ್ಟು, ಪರೀಕ್ಷಕರು ಕಂಟ್ರೋಲ್ ಕೈಗೆ ತೆಗೆದುಕೊಳ್ಳಬೇಕಾಗಿ ಬಂದರೆ, ಉಳಿದ ಹಾರಾಟ ಎಷ್ಟೇ ಚೆನ್ನಾಗಿದ್ದರೂ ಅಂದಿನ ಚೆಕ್‌ರೈಡ್ ಹೋಯಿತು.

ಇದನ್ನು ಲೆಕ್ಕ ಹಾಕಿ ನೋಡಿದರೆ ಚಿತ್ರ ಇನ್ನೂ ತಿಳಿಯಾಗುತ್ತದೆ. ಒಂದು ಚೆಕ್‌ನಲ್ಲಿ ತಪ್ಪಲೇಬಾರದ 20 ಅಂಶಗಳಿವೆ, ಒಂದರ ಫಲಿತ ಇನ್ನೊಂದರ ಮೇಲೆ ಅವಲಂಬಿಸಿಲ್ಲ ಎಂದು ಭಾವಿಸಿ. ಪ್ರತಿಯೊಂದನ್ನೂ 100ಕ್ಕೆ 97 ಬಾರಿ ಸರಿಯಾಗಿ ಮಾಡಬಲ್ಲ ಕ್ಯಾಡೆಟ್, ಇಪ್ಪತ್ತನ್ನೂ ಒಂದೇ ಹಾರಾಟದಲ್ಲಿ ಸರಿಯಾಗಿ ಮುಗಿಸುವ ಸಂಭವ 100ಕ್ಕೆ ಸುಮಾರು 54 ಮಾತ್ರ. ನಿಜವಾದ ಚೆಕ್‌ನಲ್ಲಿ ಸಣ್ಣ ತಪ್ಪುಗಳಿಗೆ ಅಂಕ ಕಡಿಮೆಯಾಗುತ್ತದೆಯೇ ಹೊರತು ಪರೀಕ್ಷೆಯೇ ಹೋಗುವುದಿಲ್ಲವಾದ್ದರಿಂದ ಪರಿಸ್ಥಿತಿ ಇಷ್ಟು ಕಠಿಣವಲ್ಲ. ಆದರೂ, ಜಾಣ ಮಕ್ಕಳೂ ಒಮ್ಮೆಯಾದರೂ ಏಕೆ ಎಡವುತ್ತಾರೆ ಎಂಬುದಕ್ಕೆ ಇದಕ್ಕಿಂತ ಸರಳ ವಿವರಣೆ ನನಗೆ ಕಾಣುವುದಿಲ್ಲ.

ಉಳಿದ ಕಾರಣಗಳು ಕ್ಯಾಡೆಟ್‌ನ ಕೈಯಲ್ಲಿಲ್ಲ. ಹಾರಾಟ ಕೈಯಲ್ಲಿ ಕೂತಿರಬೇಕಾದರೆ ಸಾರ್ಟಿಗಳ ನಡುವೆ ಅಂತರ ಇರಬಾರದು. ಮಳೆ ಮೋಡದಿಂದಲೋ ವಿಮಾನ ರಿಪೇರಿಯಲ್ಲಿರುವುದರಿಂದಲೋ ಹಲವು ದಿನ ನೆಲದಲ್ಲೇ ಕುಳಿತು, ನಂತರ ನೇರವಾಗಿ ಚೆಕ್‌ಗೆ ಹೋದವರು ಸೋತರೆ ಆ ಸೋಲಿನಲ್ಲಿ ವ್ಯವಸ್ಥೆಯ ಪಾಲೂ ಇದೆ. ನಮ್ಮ ದೇಶ ಇದನ್ನು ಕಣ್ಣಾರೆ ಕಂಡಿದೆ. 2009ರ ಜುಲೈನಲ್ಲಿ ಹೈದರಾಬಾದ್ ಬಳಿ ಎಚ್‌ಪಿಟಿ-32 ದೀಪಕ್ ವಿಮಾನ ಬಿದ್ದು ಇಬ್ಬರು ಬೋಧಕರು ತೀರಿಕೊಂಡ ಮೇಲೆ ಆ ಮಾದರಿಯ ವಿಮಾನಗಳನ್ನೇ ನಿಲ್ಲಿಸಲಾಯಿತು. 2013ರಲ್ಲಿ ಪಿಲಾಟಸ್ ಬರುವವರೆಗೆ, ಮುಂದಿನ ಹಂತಕ್ಕೆಂದು ಇದ್ದ ಕಿರಣ್ ಜೆಟ್ ವಿಮಾನದ ಮೇಲೆಯೇ ಹೊಸಬರು ಅಕ್ಷರಾಭ್ಯಾಸದಿಂದ ಕಲಿಯಬೇಕಾಯಿತು. ಅಂಥ ವರ್ಷಗಳ ಫಲಿತಾಂಶವನ್ನೂ ಎಲ್ಲ ಅನುಕೂಲವಿರುವ ವರ್ಷಗಳ ಫಲಿತಾಂಶವನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ನ್ಯಾಯವಲ್ಲ. ವಾಯುಪಡೆಯಲ್ಲಿ 2015ರಲ್ಲಿ 486 ಇದ್ದ ಪೈಲಟ್‌ಗಳ ಕೊರತೆ 2021ರ ಕೊನೆಗೆ 596ಕ್ಕೆ ಏರಿತೆಂದು ಸಿಎಜಿ ವರದಿ ಹೇಳಿದೆ. ಕೊರತೆ ಇದ್ದಾಗ ಬೇಗ ಬೇಗ ಪೈಲಟ್‌ಗಳನ್ನು ಸಿದ್ಧಪಡಿಸಬೇಕೆಂಬ ಒತ್ತಡ ಸಹಜ. ಆದರೆ ಪರೀಕ್ಷಕರು ಆ ಒತ್ತಡಕ್ಕೆ ಮಣಿದು ಮಟ್ಟ ಇಳಿಸಿದರೆ ಅನುತ್ತೀರ್ಣರ ಪ್ರಮಾಣ ಕಾಗದದ ಮೇಲೆ ಇಳಿಯುತ್ತದೆ, ಅಪಾಯ ಮುಂದೆ ಸ್ಕ್ವಾಡ್ರನ್‌ಗೆ ಸಾಗುತ್ತದೆ. ಆದ್ದರಿಂದ ಕಡಿಮೆ ಪ್ರಮಾಣವೇ ಒಳ್ಳೆಯ ಅಕಾಡೆಮಿಯ ಗುರುತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸೋತವರಲ್ಲಿ ಎಷ್ಟು ಮಂದಿ ಮರುಪರೀಕ್ಷೆಯಲ್ಲಿ ಗೆದ್ದು ಮುಂದುವರಿದರು ಎಂಬ ಸಂಖ್ಯೆ ನನಗೆ ಅದಕ್ಕಿಂತ ಮುಖ್ಯವೆನಿಸುತ್ತದೆ.

ಪಾಲಕರು ನಿಜವಾಗಿ ಎಚ್ಚರ ವಹಿಸಬೇಕಾದ ಜಾಗ ಇದಕ್ಕೂ ಮುಂಚೆಯೇ ಬರುತ್ತದೆ. ಮೈಸೂರು, ಡೆಹ್ರಾಡೂನ್ ಮೊದಲಾದ ಕಡೆಯ ಆಯ್ಕೆ ಮಂಡಳಿಗಳಲ್ಲಿ ನಡೆಯುವ ಸಿಪಿಎಸ್‌ಎಸ್ ಎಂಬ ಕಂಪ್ಯೂಟರ್ ಆಧಾರಿತ ಪೈಲಟ್ ಯೋಗ್ಯತಾ ಪರೀಕ್ಷೆಯಲ್ಲಿ ಒಮ್ಮೆ ಅನುತ್ತೀರ್ಣರಾದರೆ, ಜೀವನದಲ್ಲಿ ಮತ್ತೆ ಅದನ್ನು ಬರೆಯಲು ಅವಕಾಶವಿಲ್ಲ. ಅಲ್ಲಿ ತೇರ್ಗಡೆಯಾಗಿ ತರಬೇತಿಗೆ ಸೇರಿದವರಿಗೆ ಚೆಕ್‌ನಲ್ಲಿ ಸೋತರೂ ಮರಳಿ ಹಾರುವ ಅವಕಾಶವಿರುತ್ತದೆ, ಹಾರಾಟದಿಂದಲೇ ಸಸ್ಪೆಂಡ್ ಆದವರಿಗೂ ಹುದ್ದೆಗಳ ಲಭ್ಯತೆಗೆ ಒಳಪಟ್ಟು ವಾಯುಪಡೆಯ ನೆಲ ಶಾಖೆಗಳಲ್ಲಿ ಅಧಿಕಾರಿಯಾಗುವ ದಾರಿ ತೆರೆದಿರುತ್ತದೆ.