ಲಿಂಕ್ ರಾಡ್ ಬದಲಿಸುವ ಮುನ್ನ

ಹಂಪ್ ಇಳಿಯುವಾಗ ಕಾರಿನ ಮುಂದಿನ ಚಕ್ರದ ಹತ್ತಿರ ಕಟ್ ಕಟ್ ಎಂದು ಸದ್ದು ಬರುತ್ತದೆ. ನುಣುಪಾದ ಹೆದ್ದಾರಿಯಲ್ಲಿ ಸದ್ದೇ ಇಲ್ಲ. ಕಿತ್ತುಹೋದ ಗಲ್ಲಿಯಲ್ಲಿ ಇಪ್ಪತ್ತರ ವೇಗಕ್ಕೆ ಇಳಿದರೆ ಮತ್ತೆ ಶುರು. ಗ್ಯಾರೇಜಿನಲ್ಲಿ ಈ ದೂರು ಹೇಳಿದರೆ ಮೊದಲು ಸಿಗುವ ಉತ್ತರ ‘ಲಿಂಕ್ ರಾಡ್ ಹೋಗಿದೆ’. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಹೊಸದನ್ನು ಕೊಳ್ಳುವಾಗ ‘ದಪ್ಪ ಇರೋದು ಕೊಡಿ, ಗಟ್ಟಿ ಬರಬೇಕು’ ಎಂದು ಕೇಳುವವರೇ ಹೆಚ್ಚು. ದಪ್ಪಕ್ಕೂ ಬಾಳಿಕೆಗೂ ಇಲ್ಲಿ ಅಷ್ಟೇನೂ ನಂಟಿಲ್ಲ. ಏಕೆಂದು ತಿಳಿಯಲು ಆ ರಾಡ್ ಜೋತುಬಿದ್ದಿರುವ ಸ್ಟೆಬಿಲೈಸರ್ ಬಾರ್ ಏನು ಮಾಡುತ್ತದೆ ಎಂದು ನೋಡಬೇಕು.

ಸ್ಟೆಬಿಲೈಸರ್ ಬಾರ್ ಎಂದರೆ ಎಡ ಚಕ್ರದಿಂದ ಬಲ ಚಕ್ರದವರೆಗೆ ಅಡ್ಡಲಾಗಿ ಚಾಚಿದ, ಎರಡೂ ತುದಿ ಬಾಗಿದ ಸ್ಪ್ರಿಂಗ್ ಉಕ್ಕಿನ ಸರಳು. ನಡುಭಾಗ ಎರಡು ಬುಷ್‌ಗಳಲ್ಲಿ, ಅಂದರೆ ಸರಳನ್ನು ಸುತ್ತಿ ಹಿಡಿಯುವ ರಬ್ಬರ್ ಬಳೆಗಳಲ್ಲಿ, ಕಾರಿನ ಅಡಿಗೆ ಕೂತಿರುತ್ತದೆ. ತುದಿಗಳು ಲಿಂಕ್ ರಾಡ್ ಮೂಲಕ ಚಕ್ರದ ಕಡೆಗೆ ಸೇರಿರುತ್ತವೆ. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದರೆ ಬಾರ್ ಬುಷ್‌ನೊಳಗೆ ಸುಮ್ಮನೆ ಹೊರಳುತ್ತದೆ, ಅಷ್ಟೆ. ಶಿರಾಡಿ ಘಾಟಿಯ ತಿರುವಿನಲ್ಲಿ ಕಾರು ಹೊರಮಗ್ಗುಲಿಗೆ ವಾಲಿದಾಗ ಒಂದು ಚಕ್ರ ಬಾಡಿಯ ಹತ್ತಿರ ಬರುತ್ತದೆ, ಇನ್ನೊಂದು ದೂರ ಸರಿಯುತ್ತದೆ. ಆಗ ಬಾರ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಉಕ್ಕು ಆ ತಿರುಚು ಬಿಡಿಸಿಕೊಳ್ಳಲು ಒದ್ದಾಡುವುದರಿಂದಲೇ ಕಾರಿನ ವಾಲು ಕಡಿಮೆಯಾಗುತ್ತದೆ. ಕೆನಡಾದ ಸ್ಟೀಫನ್ ಕೋಲ್ಮನ್ ಇಂಥ ಬಾರ್‌ಗೆ 1919ರಲ್ಲೇ ಪೇಟೆಂಟ್ ಪಡೆದಿದ್ದ.

ಬಾರ್‌ನ ಬಿಗುವು ಅದರ ವ್ಯಾಸದ ನಾಲ್ಕನೇ ಘಾತವನ್ನು ಅನುಸರಿಸುತ್ತದೆ. 20 ಮಿಲಿಮೀಟರ್ ಬಾರ್ ತೆಗೆದು 22 ಮಿಲಿಮೀಟರಿನದು ಹಾಕಿದರೆ ಬಿಗುವು ಶೇ. 46ರಷ್ಟು ಏರುತ್ತದೆ. ‘ದಪ್ಪ ಇದ್ದರೆ ಒಳ್ಳೆಯದು’ ಎಂಬ ನಂಬಿಕೆ ಬಂದಿರುವುದು ಇಲ್ಲಿಂದಲೇ ಇರಬೇಕು. ಲಿಂಕ್ ರಾಡ್‌ನ ಲೆಕ್ಕವೇ ಬೇರೆ. ಅದು ತಿರುಚಿಕೊಳ್ಳುವುದಿಲ್ಲ, ಉದ್ದಕ್ಕೆ ಎಳೆಸಿಕೊಳ್ಳುತ್ತದೆ ಇಲ್ಲವೇ ತಳ್ಳಿಸಿಕೊಳ್ಳುತ್ತದೆ. 10 ಮಿಲಿಮೀಟರ್ ದಪ್ಪದ, 250 ಮಿಲಿಮೀಟರ್ ಉದ್ದದ ಉಕ್ಕಿನ ರಾಡ್‌ಗೆ 200 ಕಿಲೋ ಭಾರ ತೂಗುಹಾಕಿದರೂ ಅದು ಹಿಗ್ಗುವುದು ಸುಮಾರು 0.03 ಮಿಲಿಮೀಟರ್. ಅದನ್ನು ಇನ್ನೂ ದಪ್ಪ ಮಾಡಿ ಗಳಿಸುವುದೇನೂ ಇಲ್ಲ. ಗಾಜಿನ ಎಳೆ ಬೆರೆಸಿದ ನೈಲಾನ್ ರಾಡ್‌ಗಳನ್ನು ಹಲವು ಕಾರುಗಳಲ್ಲಿ ಕಂಪನಿಯವರೇ ಹಾಕಿರುತ್ತಾರೆ. ‘ಪ್ಲಾಸ್ಟಿಕ್ಕು’ ಎಂದು ಅವನ್ನು ಕಿತ್ತೆಸೆಯುವ ಅಗತ್ಯವಿಲ್ಲ, ಅವು ತುಕ್ಕು ಹಿಡಿಯುವುದಿಲ್ಲ.

ಸವೆಯುವುದು ತುದಿಯ ಬಾಲ್ ಜಾಯಿಂಟ್. ಹಳೆಯ ಲಿಂಕ್ ಒಂದನ್ನು ಕೈಯಲ್ಲಿ ಹಿಡಿದು ಅದರ ರಬ್ಬರ್ ಬೂಟನ್ನು, ಅಂದರೆ ಜಾಯಿಂಟ್ ಮುಚ್ಚಿರುವ ಗವಸನ್ನು, ಸೀಳಿ ನೋಡಿ. ಗೋಲಿಯಂಥ ಉಕ್ಕಿನ ಗುಂಡು, ಅದನ್ನು ಅಪ್ಪಿರುವ ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲು, ನಡುವೆ ತೆಳ್ಳನೆ ಗ್ರೀಸು. ಬೂಟಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರುನೀರು ಒಳಗೆ ಹೋಗುತ್ತದೆ. ಗ್ರೀಸು ಕಂದು ಬಣ್ಣದ ಅರೆಯುವ ಪುಡಿಯಾಗಿ ಗುಂಡಿಗೂ ಬಟ್ಟಲಿಗೂ ನಡುವೆ ಜಾಗ ಮಾಡುತ್ತದೆ. ಬಲದ ದಿಕ್ಕು ಬದಲಾದಾಗಲೆಲ್ಲ ಗುಂಡು ಆ ಸಂದಿನಲ್ಲಿ ಹಾರಿ ಬಡಿಯುವುದೇ ನಮಗೆ ಕೇಳುವ ಕಟ್ ಕಟ್. ಹಾಗಾಗಿ ಅಂಗಡಿಯಲ್ಲಿ ನಾನು ಮೊದಲು ನೋಡುವುದು ಬೂಟನ್ನು: ರಬ್ಬರ್ ಮೆತ್ತಗಿದೆಯೇ, ಎರಡೂ ಅಂಚಿನಲ್ಲಿ ಬಿಗಿಯುವ ಉಂಗುರ ಇದೆಯೇ, ಗುಂಡಿನ ಕಡ್ಡಿಯನ್ನು ಆಚೀಚೆ ವಾಲಿಸಿದರೆ ಬೂಟು ಎಲ್ಲಾದರೂ ಬಾಯಿ ಬಿಡುತ್ತದೆಯೇ. ಹೊಸ ಜಾಯಿಂಟ್ ಕೈಗೆ ಬಿಗಿಯಾಗಿಯೇ ಇರಬೇಕು. ಸಲೀಸಾಗಿ ಲೊಡಲೊಡ ಆಡಿದರೆ ಬೇಡ ಎಂದು ವಾಪಸ್ ಕೊಡಿ.

ನಮ್ಮ ಊರುಗಳಲ್ಲಿ ಒಂದು ರೂಢಿಯಿದೆ. ಹಂಪನ್ನು ನೇರವಾಗಿ ದಾಟದೆ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸುವುದು. ಅಥವಾ ಒಂದು ಬದಿಯ ಚಕ್ರವನ್ನು ರಸ್ತೆಯಂಚಿನ ಸಂದಿನಲ್ಲಿ ನುಸುಳಿಸುವುದು. ಕಾರಿನ ಹೊಟ್ಟೆ ತಾಗುವಂಥ ಹಂಪಾದರೆ ಓರೆಯಾಗಿ ಹೋಗಲೇಬೇಕು. ಮಿಕ್ಕ ಕಡೆ ಅದು ಬಾರನ್ನು ಸುಮ್ಮನೆ ತಿರುಚುವ, ಲಿಂಕ್‌ಗೆ ಪೂರ್ತಿ ಹೊರೆ ಹೊರಿಸುವ ಕೆಲಸ. ನಿಧಾನಕ್ಕೆ, ಎರಡೂ ಚಕ್ರ ಒಟ್ಟಿಗೆ ಹತ್ತಿಸಿದರೆ ಲಿಂಕ್‌ಗೆ ಹೆಚ್ಚು ಆಯಸ್ಸು.

ಸದ್ದು ಲಿಂಕಿನದೇ ಹೌದೋ ಎಂದು ಪರೀಕ್ಷಿಸುವಾಗಲೂ ಇದೇ ತತ್ವ. ಒಂದೇ ಬದಿಗೆ ಜಾಕ್ ಕೊಟ್ಟು ಎತ್ತಿದರೆ ಬಾರ್ ತಿರುಚಿಕೊಂಡು ಲಿಂಕನ್ನು ಬಿಗಿಯಾಗಿ ಎಳೆದಿರುತ್ತದೆ. ಸವೆದ ಜಾಯಿಂಟ್ ಕೂಡ ಅಲುಗುವುದಿಲ್ಲ. ಎರಡೂ ಚಕ್ರ ಒಟ್ಟಿಗೆ ಜೋತಾಡುತ್ತಿರಬೇಕು, ಇಲ್ಲವೇ ಎರಡೂ ನೆಲದ ಮೇಲಿರಬೇಕು. ಆಗ ಲಿಂಕನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಪ್ಲೇ, ಅಂದರೆ ಸಡಿಲ, ಇದ್ದರೆ ಬೆರಳಿಗೆ ತಿಳಿಯುತ್ತದೆ. ತಿಳಿಯದಿದ್ದರೆ ಬಾರ್‌ನ ಬುಷ್, ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳು) ಬುಷ್, ಸ್ಟ್ರಟ್‌ನ (ಸ್ಪ್ರಿಂಗ್ ಸುತ್ತಿದ ಶಾಕ್ ಅಬ್ಸಾರ್ಬರ್ ಕಂಬದ) ಮೇಲಿನ ಮೌಂಟಿಂಗ್ ನೋಡದೆ ಲಿಂಕಿಗೆ ದುಡ್ಡು ಹಾಕಬೇಡಿ.

ಇನ್ನು ಅಳತೆ. ಮಾರುತಿ 800ರಲ್ಲಿ ಲಿಂಕ್ ರಾಡೇ ಇರಲಿಲ್ಲ, ಬಾರ್‌ನ ತುದಿ ನೇರವಾಗಿ ಲೋವರ್ ಆರ್ಮ್‌ನೊಳಗೆ ಬುಷ್ ಮೂಲಕ ತೂರಿ ಆರ್ಮನ್ನೂ ಹಿಡಿದಿಡುತ್ತಿತ್ತು. ಈಗಿನ ಬಹುಪಾಲು ಕಾರುಗಳಲ್ಲಿ ಉದ್ದನೆಯ ಲಿಂಕ್ ಸ್ಟ್ರಟ್‌ಗೆ ತೂಗುಬಿದ್ದಿರುತ್ತದೆ. ಕೆಲವದರಲ್ಲಿ ಗಿಡ್ಡ ಲಿಂಕ್ ಲೋವರ್ ಆರ್ಮ್ ಮೇಲೆ ನಿಂತಿರುತ್ತದೆ. ಹಳೆಯ ಭಾಗವನ್ನು ಅಂಗಡಿಗೆ ಒಯ್ಯಿರಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಒಂದೇ ಮಾದರಿ ಕಾರಿನ ಹೆಸರು ಹೇಳಿದರೆ ಎರಡು ಮೂರು ಬಗೆ ಹೊರಬರಬಹುದು, ಏಕೆಂದರೆ ಪೆಟ್ರೋಲ್, ಡೀಸೆಲ್, ತಯಾರಾದ ವರ್ಷ ಇವುಗಳ ಮೇಲೆ ಅಳತೆ ಬದಲಾಗಬಲ್ಲದು. ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸುವುದೇ ಒಳ್ಳೆಯದು. ಆಮೇಲೂ ಎರಡನ್ನೂ ಪಕ್ಕಪಕ್ಕ ಇಟ್ಟು ಗುಂಡಿನಿಂದ ಗುಂಡಿಗೆ ಇರುವ ದೂರ, ಬೋಲ್ಟಿನ ದಪ್ಪ ಮತ್ತು ಥ್ರೆಡ್, ಎರಡು ಬೋಲ್ಟುಗಳೂ ಒಂದೇ ಕಡೆ ಮುಖ ಮಾಡಿವೆಯೋ ಎದುರುಬದುರೋ ಎಂದು ತಾಳೆ ನೋಡಿ. ಎಡಕ್ಕೂ ಬಲಕ್ಕೂ ಒಂದೇ ಬರುವ ಕಾರುಗಳಿವೆ, ಬೇರೆ ಬೇರೆ ಬೇಕಾದವೂ ಇವೆ.

ಸ್ಪ್ರಿಂಗ್ ಬಳಿ ಸ್ಪೇಸರ್ ಎಂಬ ದಪ್ಪ ಬಿಲ್ಲೆ ಹಾಕಿಸಿ ಕಾರನ್ನು ಎತ್ತರಿಸಿದವರಿಗೆ ಮಾತ್ರ ಉದ್ದದ ಪ್ರಶ್ನೆ ತುಸು ತೊಡಕಿನದು. ಕಾರು ನೆಲದ ಮೇಲೆ ನಿಂತಾಗ ಬಾರ್‌ನ ತುದಿಗೂ ಲಿಂಕ್‌ಗೂ ನಡುವಿನ ಕೋನ 90 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಬಲ ಸರಿಯಾಗಿ ದಾಟುತ್ತದೆ. ಎತ್ತರಿಸಿದಾಗ ಬಾರ್‌ನ ತುದಿ ಕೆಳಕ್ಕೆ ಜಾರಿ ಈ ಕೋನ ಕೆಡುತ್ತದೆ. ‘ಕಾರು ಎತ್ತರವಾಯಿತು, ಉದ್ದದ ಲಿಂಕ್ ಹಾಕಿ’ ಎಂಬ ಸಲಹೆ ಧಾರಾಳವಾಗಿ ಸಿಗುತ್ತದೆ. ಲಿಂಕ್ ಲೋವರ್ ಆರ್ಮ್ ಮೇಲೆ ನಿಂತು ಅದರ ಮೇಲ್ತುದಿಗೆ ಬಾರ್ ಸೇರಿದ್ದರೆ ಆ ಸಲಹೆ ಸರಿ. ಆದರೆ ಲಿಂಕ್ ಸ್ಟ್ರಟ್‌ನಿಂದ ತೂಗುಬಿದ್ದು ಅದರ ಕೆಳತುದಿಗೆ ಬಾರ್ ಸೇರಿದ್ದರೆ, ಉದ್ದದ ಲಿಂಕ್ ಬಾರನ್ನು ಇನ್ನಷ್ಟು ಕೆಳಕ್ಕೆ ತಳ್ಳುತ್ತದೆ. ಅಲ್ಲಿ ಬೇಕಾದದ್ದು ಗಿಡ್ಡದು. ಕಾರಿನಡಿ ನೋಡದೆ ಇದನ್ನು ತೀರ್ಮಾನಿಸಲಾಗದು.

ರೇಸಿನವರು ಬಳಸುವ, ಬೂಟಿಲ್ಲದ ಲೋಹದ ಜಾಯಿಂಟಿನ ಲಿಂಕ್‌ಗಳು ನೋಡಲು ಚೆಂದ, ಉದ್ದ ಹೊಂದಿಸಲೂ ಬರುತ್ತದೆ. ದಿನನಿತ್ಯದ ಧೂಳಿನ ರಸ್ತೆಗೆ ಅವು ಬೇಡ.

ಜೋಡಿಸುವಾಗ ನಟ್ಟು ಹೊಸದೇ ಇರಲಿ, ಒಳಗೆ ನೈಲಾನ್ ಉಂಗುರವಿರುವ ನಟ್ಟಿನ ಹಿಡಿತ ಒಮ್ಮೆ ಬಿಚ್ಚಿದ ಮೇಲೆ ಮೊದಲಿನಂತಿರುವುದಿಲ್ಲ. ನಟ್ಟು ತಿರುಗಿಸುವಾಗ ಬೋಲ್ಟೂ ಜೊತೆಗೆ ಸುತ್ತತೊಡಗುತ್ತದೆ. ಅದಕ್ಕಾಗಿಯೇ ಹಲವು ಲಿಂಕ್‌ಗಳ ಬೋಲ್ಟಿನ ತುದಿಯಲ್ಲಿ ಅಲೆನ್ ಕೀ ಕೂರುವ ಗುಳಿ ಇರುತ್ತದೆ. ಅಲ್ಲಿ ಹಿಡಿದುಕೊಂಡು ಸ್ಪಾನರ್‌ನಿಂದ ಬಿಗಿಯಬೇಕು. ಗಾಳಿಯ ಒತ್ತಡದಿಂದ ನಟ್ಟು ತಿರುಗಿಸುವ ಏರ್ ಗನ್ ಹಿಡಿದು ಒಂದೇ ಏಟಿಗೆ ಬಿಗಿಸಿದರೆ ಗುಂಡು ಗಿರ್ರನೆ ಸುತ್ತಿ ಹೊಸ ಬೂಟು ಅಲ್ಲೇ ತಿರುಚಿ ಹರಿಯಬಹುದು. ನಿಮ್ಮ ಕಣ್ಣೆದುರಿಗೆ ಗನ್ ಕೈಗೆತ್ತಿಕೊಂಡರೆ ಸಂಕೋಚ ಬೇಡ, ಕೈಯಲ್ಲೇ ಬಿಗಿಯಲು ಹೇಳಿ.